ಪ್ರಮಾಣಪತ್ರವೂ ವಿದ್ಯೆಯೂ

ಮನೆಯಲ್ಲಿ ಕುಳಿತು ದೂರದ ಗುರುಗಳಿಂದ ಪಾಠ ಹೇಳಿಸಿಕೊಳ್ಳುವುದು ಈಚಿನವರು ಕಂಡುಹಿಡಿದ ಪದ್ಧತಿಯೆಂದು ಹಲವರು ಎಣಿಸಿರುತ್ತಾರೆ. ಅದು ಹಾಗಲ್ಲ. ಇಂಗ್ಲೆಂಡಿನಲ್ಲಿ ಐಸಾಕ್ ಪಿಟ್‌ಮನ್ನನು 1840ರ ಸುಮಾರಿನಲ್ಲಿಯೇ ಶೀಘ್ರಲಿಪಿಯ ಪಾಠಗಳನ್ನು ಅಂಚೆಯ ಮೂಲಕ ಕಳುಹಿಸಿ, ಶಿಷ್ಯರು ಬರೆದುದನ್ನು ತಿದ್ದಿ ಹಿಂದಿರುಗಿಸುತ್ತಿದ್ದನು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ರೂಪವನ್ನು ತಾಳಿತು. ಹಗಲೆಲ್ಲ ಗುಮಾಸ್ತಿಕೆ ಮಾಡಿ ರಾತ್ರಿ ಓದಿ ಪದವೀಧರರಾದವರು ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಆದುದರಿಂದ ಆನ್‌ಲೈನ್ ಪಾಠವನ್ನು ಅಪೂರ್ವವೆಂದು ಕೊಂಡಾಡುವುದೂ ವಿದ್ಯೆಗೆ ಬಂದ ಕೇಡೆಂದು ಹಳಿಯುವುದೂ ಎರಡೂ ಅವಸರದ ಮಾತುಗಳೇ ಸರಿ.

ಹೊಸದಾಗಿರುವುದು ಅದರ ವಿಸ್ತಾರವು. 2011ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪಾಠವೊಂದಕ್ಕೆ ಸುಮಾರು 1,60,000 ಮಂದಿ ಹೆಸರು ಕೊಟ್ಟರು. ಕಡೆಮುಟ್ಟಿದವರು ಸುಮಾರು 23,000 ಮಂದಿ. ಭಾರತದಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದುವು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯು ಉದ್ಘಾಟನೆಯಾಯಿತು. ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಪಾಠಗಳು ಅಲ್ಲಿವೆ. ಕೇಳುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕೆಂಬವರು ಮಾತ್ರ ಹಣ ಕಟ್ಟಿ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಮದರಾಸಿನ ಐಐಟಿಯ ಬಾಗಿಲನ್ನೇ ಕಾಣದ ಹಳ್ಳಿಯ ಹುಡುಗನು ಅಲ್ಲಿಯ ಪ್ರಾಧ್ಯಾಪಕರ ಉಪನ್ಯಾಸವನ್ನು ಜಗುಲಿಯ ಮೇಲೆ ಕುಳಿತು ಕೇಳಬಹುದಾಗಿದೆ. ಇದು ಅಲ್ಪವಾದ ಲಾಭವಲ್ಲ.

ಆದರೆ ಹೆಸರು ಕೊಡುವುದು ಏಕಾದಶಿಯ ಉಪವಾಸದ ಸಂಕಲ್ಪದಂತೆ. ಸಂಕಲ್ಪಕ್ಕೆ ಖರ್ಚಿಲ್ಲ, ಮಧ್ಯಾಹ್ನವಾದ ಮೇಲೆ ತಿಳಿಯುವುದು ಅದರ ಕಷ್ಟ. ಹಾರ್ವರ್ಡ್ ಮತ್ತು ಎಂಐಟಿಗಳ ಇಂಥ ಪಾಠಗಳನ್ನು ಕುರಿತು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, 2017–18ನೆಯ ಸಾಲಿನಲ್ಲಿ ಸೇರಿದವರೊಳಗೆ ಮುಗಿಸಿದವರು ನೂರಕ್ಕೆ ಮೂವರು ಮಾತ್ರ. ಪ್ರಮಾಣಪತ್ರಕ್ಕೆಂದು ಹಣ ತೆತ್ತವರಲ್ಲಿಯಾದರೋ ನೂರಕ್ಕೆ 46 ಮಂದಿ ಮುಗಿಸಿದರು. ಗಂಟಿನಿಂದ ಹೋದ ಹಣವು ಮನುಷ್ಯನನ್ನು ಎಬ್ಬಿಸಿ ಕೂರಿಸುತ್ತದೆಯೆಂದು ಇದಕ್ಕೆ ಅರ್ಥ ಹೇಳುವವರುಂಟು. ಮುಗಿಸಬೇಕೆಂಬ ಛಲವಿದ್ದವನೇ ಹಣವನ್ನೂ ಕಟ್ಟಿರುವನೆಂದು ಹೇಳಿದರೂ ತಪ್ಪಾಗದು.

ಪತಂಜಲಿಯು ಮಹಾಭಾಷ್ಯದಲ್ಲಿ ವಿದ್ಯೆಯು ಸಾರ್ಥಕವಾಗಲು ನಾಲ್ಕು ಕಾಲಗಳನ್ನು ಹೇಳಿದ್ದಾನೆ: ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಾಸ ಮಾಡುವ ಕಾಲ, ಪರರಿಗೆ ಬೋಧಿಸುವ ಕಾಲ, ವ್ಯವಹಾರದಲ್ಲಿ ತೊಡಗಿಸುವ ಕಾಲ. ಸರ್ಟಿಫಿಕೇಟು ಸಾಕ್ಷಿ ನುಡಿಯುವುದು ಮೊದಲನೆಯ ಕಾಲಕ್ಕೆ. ಪರೀಕ್ಷೆ ಬಿಗಿಯಾಗಿದ್ದರೆ ಎರಡನೆಯದಕ್ಕೂ ಸ್ವಲ್ಪಮಟ್ಟಿಗೆ. ಉಳಿದೆರಡರ ವಿಷಯದಲ್ಲಿ ಅದು ಮೂಕವಾಗಿರುತ್ತದೆ.

ತಾಲ್ಲೂಕು ಕೇಂದ್ರವೊಂದರಲ್ಲಿ ಕಿರಾಣಿ ಅಂಗಡಿಯಿಟ್ಟಿರುವ ಗೃಹಸ್ಥರೊಬ್ಬರ ಮಗಳು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಳು. ಖಾಸಗಿ ಸಂಸ್ಥೆಯೊಂದರವರು ಆರು ತಿಂಗಳ ಕೋರ್ಸಿಗೆ ನಾಲ್ವತ್ತೈದು ಸಾವಿರ ರೂಪಾಯಿಯೆಂದೂ, ಉದ್ಯೋಗವು ಖಚಿತವೆಂದೂ, ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ ರಿಯಾಯಿತಿಯುಂಟೆಂದೂ ದಿನಕ್ಕೆರಡಾವೃತ್ತಿ ಫೋನು ಮಾಡತೊಡಗಿದರು. ಅಂಗಡಿಯಲ್ಲಿ ಅಷ್ಟು ಹಣವಿರಲಿಲ್ಲ. ತಾಯಿಯು ಬಳೆಗಳನ್ನು ಅಡವಿಡಲು ಒಪ್ಪಿದಳು. ಗೌರಿಹಬ್ಬಕ್ಕೆ ಬಾಗಿನ ತಂದಿದ್ದ ಸೋದರಮಾವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರ ನೌಕರನು. ಅವನು ಕೇಳಿದನು:

“ಭಾವ, ಅಕ್ಕನ ಬಳೆ ಬ್ಯಾಂಕಿಗೆ ಹೋಗುವ ಮೊದಲು ಒಂದು ಮಾತು. ನೋಡಮ್ಮಾ, ಕೆಲಸಕ್ಕೆ ತೆಗೆದುಕೊಳ್ಳುವವರು ಕಾಗದವನ್ನು ಒಂದು ನಿಮಿಷ ನೋಡುತ್ತಾರೆ, ನಿನ್ನನ್ನು ಅರ್ಧ ಗಂಟೆ ನೋಡುತ್ತಾರೆ. ನೀನಾಗಿ ಮಾಡಿದುದೇನೆಂದು ಕೇಳಿದರೆ ಏನು ತೋರಿಸುತ್ತೀ?”

“ಆ ಅರ್ಧ ಗಂಟೆ ಸಿಗುವುದಕ್ಕೇ ಕಾಗದ ಬೇಕಲ್ಲ ಮಾವ! ಗೆಳತಿಯರೆಲ್ಲ ಮೂರು ಮೂರು ಸರ್ಟಿಫಿಕೇಟು ಇಟ್ಟುಕೊಂಡಿದ್ದಾರೆ. ಸಣ್ಣ ಊರಿನ ಕಾಲೇಜಿನ ಹೆಸರು ನೋಡಿ ನನ್ನನ್ನು ಯಾರು ಒಳಗೆ ಕರೆಯುತ್ತಾರೆ?”

ಹುಡುಗಿಯ ಮಾತು ತಳ್ಳಿಹಾಕುವಂಥದಾಗಿರಲಿಲ್ಲ. ದೊಡ್ಡ ಕಾಲೇಜಿನ ಮಕ್ಕಳಿಗೆ ಕಾಲೇಜಿನ ಹೆಸರೇ ರಹದಾರಿಯಾಗುತ್ತದೆ. ಅದಿಲ್ಲದವರು ಬೇರೆಯದನ್ನು ಹುಡುಕುವರೆಂದು ನಗುವುದು ನ್ಯಾಯವಲ್ಲ. ಮಾವನೂ ನಗಲಿಲ್ಲ. ಆ ರಾತ್ರಿ ಹನ್ನೆರಡು ಹೊಡೆಯುವವರೆಗೆ ಚರ್ಚೆ ನಡೆದು, ರಿಯಾಯಿತಿಯು ತಾನಾಗಿಯೇ ತಪ್ಪಿಹೋಯಿತು. (ಮರುದಿನವೂ ಅದೇ ರಿಯಾಯಿತಿಯನ್ನು ಹೇಳಿ ಫೋನು ಬಂದಿತಂತೆ.) ಕೊನೆಗೆ ಅವಳು ‘ಸ್ವಯಂ’ನಲ್ಲಿ ದತ್ತಾಂಶ ನಿರ್ವಹಣೆಯ ಹನ್ನೆರಡು ವಾರಗಳ ಪಾಠಕ್ಕೆ ಸೇರಿದಳು; ಪರೀಕ್ಷೆಯ ಶುಲ್ಕ ಸಾವಿರ ರೂಪಾಯಿ. ಜೊತೆಗೆ ಅಂಗಡಿಯ ಉದ್ರಿ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ಮಾವನು ಕಟ್ಟುಮಾಡಿದನು. ಪಾಠವು ಹೇಗೋ ಸಾಗಿತು. ಉದ್ರಿ ಪುಸ್ತಕವೇ ಅವಳನ್ನು ಅಳಿಸಿತು. ಸಾಲಗಾರರಲ್ಲಿ ಒಬ್ಬರು ಹಣಕ್ಕೆ ಬದಲಾಗಿ ತೆಂಗಿನಕಾಯಿ ಹಾಕಿ ಹೋಗುತ್ತಿದ್ದರು. ಇನ್ನೊಬ್ಬರ ಬಾಕಿಯನ್ನು ಅಳಿಯನು ತೀರಿಸುತ್ತಿದ್ದನು. ಇವನ್ನೆಲ್ಲ ಯಾವ ಉಪನ್ಯಾಸದಲ್ಲಿಯೂ ಹೇಳಿರಲಿಲ್ಲ. ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಕಟ್ಟಿದಳು. ಪರೀಕ್ಷೆಯಲ್ಲಿ ಅರುವತ್ತೊಂದು ಅಂಕಗಳು ಬಂದುವು. ಕೆಲಸ ಸಿಕ್ಕಿತೆಂದು ಬರೆದಿದ್ದರೆ ಕಥೆ ಸಿಹಿಯಾಗುತ್ತಿತ್ತು. ಇನ್ನೂ ಸಿಕ್ಕಿಲ್ಲ, ಅವಳೀಗ ಮೂರನೆಯ ವರ್ಷದಲ್ಲಿದ್ದಾಳೆ. ಬಳೆಗಳು ತಾಯಿಯ ಕೈಯಲ್ಲಿವೆ.

ಎಲ್ಲ ಕಾಗದಗಳೂ ಒಂದೇ ತೂಕದವಲ್ಲವೆಂಬುದನ್ನು ಹೆತ್ತವರು ತಿಳಿದಿರುವುದು ಉಚಿತ. ಎನ್‌ಪಿಟಿಇಎಲ್ ಪಾಠಗಳಲ್ಲಿ ವಾರವಾರದ ಅಭ್ಯಾಸಗಳಿಗೆ 25 ಅಂಕಗಳು, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರೆದುರಿಗೆ ಬರೆಯುವ ಪರೀಕ್ಷೆಗೆ 75 ಅಂಕಗಳು. ಅಭ್ಯಾಸಗಳನ್ನು ನಕಲು ಮಾಡಿದವನೂ ಪರೀಕ್ಷೆಯ ದಿನ ಒಬ್ಬನೇ ಕುಳಿತುಕೊಳ್ಳಬೇಕಾಗುತ್ತದೆ. ವಿಡಿಯೋ ಓಡಿಸಿಬಿಟ್ಟರೆ ಸಾಕೆಂದು ಕೊಡುವ ಕಾಗದಕ್ಕೂ ಇದಕ್ಕೂ ಅಂತರವುಂಟಷ್ಟೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರ ನಿಯಮದಲ್ಲಿ, ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ ‘ಸ್ವಯಂ’ ಮೂಲಕ ಓದಲು ಅವಕಾಶವಿತ್ತಿತು; ಆದರೆ ಆ ಅಂಕಗಳು ಪದವಿಗೆ ಸೇರಬೇಕಾದರೆ ಕಾಲೇಜು ಒಪ್ಪಬೇಕು. ಹೆಸರು ಕೊಡುವ ಮೊದಲೇ ಇದನ್ನು ಕಾಲೇಜಿನಲ್ಲಿ ವಿಚಾರಿಸಬೇಕು. ಪರೀಕ್ಷೆಯಾದ ಮೇಲೆ ವಿಚಾರಿಸಿದವರ ಪಾಡು ಬೇಡ.

ಇನ್ನು ಭಾಷೆಯ ತೊಡಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೊದಲ ಎರಡು ವಾರಗಳಲ್ಲಿಯೇ ಪಾಠವನ್ನು ಬಿಡುವುದಕ್ಕೆ ವಿಷಯದ ಕಾಠಿನ್ಯಕ್ಕಿಂತ ಇಂಗ್ಲಿಷಿನ ವೇಗವೇ ಹೆಚ್ಚಾಗಿ ಕಾರಣವಾಗುತ್ತದೆ. ಕೆಲವು ಪಾಠಗಳ ಬರಹರೂಪವು ಈಗ ಕನ್ನಡದಲ್ಲಿಯೂ ದೊರೆಯುತ್ತಿದೆ. ಕಾಲೇಜಿನ ಅಧ್ಯಾಪಕರೊಬ್ಬರು ವಾರಕ್ಕೊಂದು ಸಂಜೆ ಹತ್ತು ಮಕ್ಕಳನ್ನು ಕೂಡಿಸಿಕೊಂಡು, ಉಪನ್ಯಾಸವನ್ನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಆ ಹತ್ತರಲ್ಲಿ ಐದಾರು ಮಂದಿಯಾದರೂ ಪರೀಕ್ಷೆಯ ಕೊಠಡಿಯವರೆಗೆ ನಡೆದುಹೋಗುವರು.