ಹೊಟ್ಟಿ ಬಂತು, ಆರಾಮ ಆದ!

ನಮ್ಮ ವಿಜಯಪುರದ ಕಡೆ ಹೊಟ್ಟೆ ಬಂತೆಂದರೆ ಅದೊಂದು ಸರ್ಟಿಫಿಕೇಟ್ ಇದ್ದ ಹಾಗೆ. "ಮೈ ತುಂಬಕೊಂಡಾನ, ಆರಾಮ ಅದಾನ ಬಿಡು" ಅಂತ ಬೀಗರು-ಬಿಜ್ಜರು ಹೇಳಿ ಮುಗಿಸಿಬಿಡ್ತಾರೆ. ಜಡ್ಡಿನಿಂದ ಎದ್ದವರಿಗೆ ಹೊಟ್ಟೆ ಬಂದರಂತೂ ಇನ್ನೂ ಸಂತೋಷ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯದಲ್ಲಿ ಈ ಸರ್ಟಿಫಿಕೇಟನ್ನು ನಂಬಬಾರದು.

ನನ್ನ ಕಾಕಾ ತಿಕೋಟಾ ಕಡೆಯವರು. ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಬಂದು ನಾಲ್ಕು ತಾಸು ಮಷಿನ್ ಪಕ್ಕ ಮಲಗುತ್ತಾರೆ. ಬಬಲೇಶ್ವರದಿಂದ ಬರುವವರ ಪಾಡೂ ಇದೇ... ಬಸ್ಸು, ಮಷಿನ್, ಮತ್ತೆ ಬಸ್ಸು, ಅಲ್ಲಿಗೆ ದಿನ ಮುಗೀತು. ಒಳಗೆ ಹೋಗುವಾಗ ಒಮ್ಮೆ ತೂಕ, ಏಳುವಾಗ ಒಮ್ಮೆ ತೂಕ. ಮೈಯಲ್ಲಿ ಎಷ್ಟು ನೀರು ಸೇರಿತ್ತು, ಎಷ್ಟು ಹೋಯಿತು ಅನ್ನೋದು ಇದರಿಂದ ಗೊತ್ತಾಗುತ್ತೆ. ಹೆಚ್ಚಿನ ನೀರು ಹೋದ ಮೇಲೆ ಉಳಿಯಬೇಕಾದ ತೂಕಕ್ಕೆ 'ಡ್ರೈ ವೇಟ್' ಅಂತಾರೆ. ಕಾಕಾನ ಡ್ರೈ ವೇಟ್ ಒಂದು ವರ್ಷದಿಂದ 62 ಕಿಲೋ, ಅಲ್ಲಾಡಿಲ್ಲ. ಆದರೆ ತೋಳು ಕೋಲಿನಂತಾಗಿ, ಹೊಟ್ಟೆ ಧೋತರದ ಮೇಲೆ ಬಂದಿತ್ತು. ಸ್ನಾಯು ಕರಗಿ ಕೊಬ್ಬು ಕೂತರೆ ತಕ್ಕಡಿಗೆ ಅದು ಹೇಗೆ ತಿಳಿಯಬೇಕು? ಅದಕ್ಕೆ ಎರಡೂ ಒಂದೇ!

ಕರುಳು, ಲಿವರ್ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತೆ, ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತೆ. ಕಿಡ್ನಿ ಹೋದವರ ರಕ್ತನಾಳಗಳಲ್ಲಿ ಮೊದಲೇ ಸುಣ್ಣ ಕಟ್ಟುತ್ತಿರುತ್ತೆ, ಬಿ.ಪಿ. ಮತ್ತು ನೀರಿನ ಭಾರಕ್ಕೆ ಹೃದಯದ ಗೋಡೆ ದಪ್ಪಗಾಗಿರುತ್ತೆ. ಅದರ ಮೇಲೆ ಇದೊಂದು ಹೊರೆ. ಡಯಾಲಿಸಿಸ್ ರೋಗಿಗಳಲ್ಲಿ ಹೆಚ್ಚು ಜನರನ್ನು ಒಯ್ಯುವುದು ಹೃದಯದ ಕಾಯಿಲೆಯೇ.

ವಿಚಿತ್ರ ಅಂದ್ರೆ, ಡಯಾಲಿಸಿಸ್‌ನಲ್ಲಿ ಸ್ವಲ್ಪ ದಪ್ಪಗಿರುವವರೇ ತೆಳ್ಳಗಿರುವವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಹಾಗಾದ್ರೆ ಹೊಟ್ಟೆ ಒಳ್ಳೇದೇ ಅಲ್ವಾ? ಅಲ್ಲ. 2009ರಲ್ಲಿ ಇಟಲಿಯ ವೈದ್ಯರು 537 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಇಟ್ಟು ನೋಡಿದಾಗ, ಸುತ್ತಳತೆ ಹೆಚ್ಚಾದಷ್ಟೂ ಹೃದಯದಿಂದ ಬರುವ ಸಾವಿನ ಅಪಾಯ ಹೆಚ್ಚಾಗಿತ್ತು. ಮೈ ತುಂಬಿರಲಿ, ಹೊಟ್ಟೆಯಲ್ಲಿ ಬೇಡ ಅಂದ ಹಾಗಾಯಿತು.

ಹಾಗಂತ ಉಪವಾಸ ಕೆಡವಿದರೆ ಮೊದಲು ಕರಗುವುದು ಉಳಿದಿರುವ ಸ್ನಾಯು. ಡಯಾಲಿಸಿಸ್ ಶುರುವಾದ ಮೇಲೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿ ಬಿಟ್ಟು ಹಣ್ಣು, ಒಣದ್ರಾಕ್ಷಿ ತಿನ್ನೋ ಡಯಟ್ ಕೂಡ ಇವರಿಗಲ್ಲ. ತಿಕೋಟಾದ ಒಣದ್ರಾಕ್ಷಿ ಎಷ್ಟೇ ರುಚಿ ಇರಲಿ, ಒಣಗಿದಾಗ ಅದರಲ್ಲಿ ಪೊಟ್ಯಾಸಿಯಂ ಗಟ್ಟಿಯಾಗಿ ಉಳಿಯುತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು.

ದರ್ಜಿಯ ಟೇಪ್ ಹಿಡಿದು ಹೋದಾಗ ಕಾಕಾ ನಕ್ಕರು. "ಯಾಕೋ, ಹೊಸಾ ಅಂಗಿ ಹೊಲಿಸ್ತಿ ಏನು ನನಗ?"

"ಇಲ್ರಿ ಕಾಕಾ, ಸ್ವಲ್ಪ ನೆಟ್ಟಗ ನಿಂದರ್ರಿ."

98 ಸೆಂಟಿಮೀಟರ್ ಬಂತು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಅಂತಾರೆ. ಡಾಕ್ಟರಿಗೆ ತೋರಿಸಿದೆವು. ಊಟದಲ್ಲಿ ಮೊಟ್ಟೆಯ ಬಿಳಿ ಸೇರಿತು, ಮಷಿನ್ ಇಲ್ಲದ ದಿನ ನಡಿಗೆ ಸೇರಿತು. ಈಗ ಕಾಕಾ ಸಂಜೆ ದ್ರಾಕ್ಷಿ ತೋಟದ ಬದುವಿನ ಮೇಲೆ ಅಡ್ಡಾಡ್ತಾರೆ. ಹೊಟ್ಟೆ ಇಳಿಯುತ್ತೋ ಇಲ್ವೋ ನೋಡಬೇಕು... ಮೊದಲು ಒಂದೇ ಏರಿಗೆ ಕೂರುತ್ತಿದ್ದವರು ಈಗ ಭಾವಿತನಕ ಹೋಗಿ ಬರ್ತಾರೆ, ಅಷ್ಟಂತೂ ಆಗಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ತಿಂಗಳಿಗೊಮ್ಮೆ ಟೇಪ್ ಹಿಡಿಯಿರಿ. ಮಷಿನ್‌ನಿಂದ ಎದ್ದ ಮೇಲೆಯೇ ಅಳೆಯಿರಿ, ಮೊದಲು ಅಳೆದರೆ ನೀರೂ ಲೆಕ್ಕಕ್ಕೆ ಬರುತ್ತೆ. ಎರಡೇ ದಿನದಲ್ಲಿ ಹೊಟ್ಟೆ ಉಬ್ಬಿ, ಕಾಲು ಬಾತು, ಉಸಿರು ಕಟ್ಟಿದರೆ ಅದು ಕೊಬ್ಬಲ್ಲ, ನೀರು. ಆಗ ಟೇಪ್ ಹುಡುಕಬೇಡಿ, ಆಸ್ಪತ್ರೆಗೆ ಓಡಿ. ನಿಮ್ಮ ಕಡೆಯೂ ಹೊಟ್ಟೆ ಅಂದ್ರೆ ಆರಾಮ ಅಂತಾನೇ ಲೆಕ್ಕವಾ? ಹೇಳಿ :)