ಲಾಘವ

ವ್ಯಾಕರಣಶಾಸ್ತ್ರವನ್ನು ಗುರುಮುಖದಿಂದ ಓದಿದವರಲ್ಲಿ ಒಂದು ಮಾತು ಪ್ರಚಾರದಲ್ಲಿದೆ. ಸೂತ್ರರಚನೆಯಲ್ಲಿ ಅರ್ಧ ಮಾತ್ರೆಯಷ್ಟು ಉಳಿತಾಯವಾದರೂ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವಾಗುವುದಂತೆ. ಕೇಳಿದವರು ನಗುವುದುಂಟು. ಆದರೆ ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯ ನಡೆಯನ್ನೆಲ್ಲ ಅಡಕಮಾಡಿದ್ದರಿಂದಲೇ ಬಾಲಕರು ಅದನ್ನು ಕಂಠದಲ್ಲಿ ಹೊತ್ತು ತರುವುದು ಸಾಧ್ಯವಾಯಿತು. ಓಲೆಗಳು ಹುಳು ಹಿಡಿದು ಹೋದರೂ ಶಾಸ್ತ್ರವು ಉಳಿಯಿತು. ಹೊರೆ ಕಡಮೆಯಾದಷ್ಟೂ ಬಾಳಿಕೆ ಹೆಚ್ಚೆಂಬುದನ್ನು ಆ ಹಿರಿಯರು ಅರಿತಿದ್ದರು. ಗಣಕಯಂತ್ರವೆಂಬ ಈ ಕಾಲದ ಉಪಕರಣಕ್ಕೂ ಆ ನ್ಯಾಯವು ಸಲ್ಲುವುದೇ ಎಂಬ ಪ್ರಶ್ನೆಯು ಈಚೆಗೆ ಯಲಹಂಕದ ಒಂದು ಮನೆಯಲ್ಲಿ ಎದ್ದಿತು.

ಆ ಮನೆಯ ಯಜಮಾನರು ಕೃಷಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ವಿಶ್ರಾಂತರಾದವರು. ಯಲಹಂಕ, ಜಕ್ಕೂರು, ಬಾಗಲೂರು, ಹೆಸರಘಟ್ಟಗಳ ಸುತ್ತಣ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಬೇಸಾಯದ ಮಾತುಗಳನ್ನು ಅವರು ಬಹುಕಾಲದಿಂದ ಕೂಡಿಸುತ್ತ ಬಂದಿದ್ದಾರೆ. ಕಪಿಲೆ, ಕೂರಿಗೆ, ಹಗೇವು, ಮೇಟಿ, ರಾಗಿಯ ಹೊಲದ ನಡುವೆ ಅವರೆ ಜೋಳಗಳನ್ನು ಇಡುವ ಅಕ್ಕಡಿಸಾಲು—ಇವನ್ನು ಕೈಯಾರೆ ಬಳಸಿ ಬಲ್ಲ ಮುದುಕರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ. ಕಣಗಳಿದ್ದ ಕಡೆ ಬಡಾವಣೆಗಳು ಎದ್ದಿವೆ. ಕಣವೇ ಇಲ್ಲದ ಮೇಲೆ ಅದರ ನಡುಗಂಬಕ್ಕೆ ಮೇಟಿಯೆಂಬ ಹೆಸರಿತ್ತೆಂದು ಯಾರು ನೆನೆಯುವರು? ಹೇಳಿದವರಲ್ಲಿ ಹಲವರು ಈಗ ತೀರಿಹೋಗಿರುವರು. ಅವರ ಬಾಯಿಂದ ಬಂದದ್ದೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಸೇರಿದ್ದಿತು. ಯಜಮಾನರ ಮಗನು ಹೊಸದನ್ನು ಕೊಂಡಾಗ ಮನೆಯಲ್ಲಿ ಬಿಟ್ಟುಹೋದ ಯಂತ್ರವದು. ಅದರ ಸ್ಮೃತಿಸಾಮರ್ಥ್ಯ 2 ಜಿ.ಬಿ. ಮಾತ್ರ.

ಯಂತ್ರದ ಅವಯವಗಳನ್ನೆಲ್ಲ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಆ ಲ್ಯಾಪ್‌ಟಾಪಿನಲ್ಲಿದ್ದುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 10. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಕಣ್ಣು ತೆರೆಯುತ್ತಿದ್ದಿತು. 2025ನೆಯ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಪೋಷಣೆಯು ನಿಂತಿತು. ಅಂದರೆ ಕಳ್ಳದಾರಿಗಳನ್ನು ಮುಚ್ಚುವ ತಿದ್ದುಪಡಿಗಳು, ಪ್ರತ್ಯೇಕವಾಗಿ ಹೆಸರು ಬರೆಯಿಸಿಕೊಂಡವರಿಗೆ ಇನ್ನೊಂದು ವರ್ಷ ದೊರೆಯುವುದನ್ನುಳಿದು, ಇನ್ನು ಬರುವುದಿಲ್ಲವೆಂದಾಯಿತು. ಮುಂದಿನದಾದ ವಿಂಡೋಸ್ 11 ಕನಿಷ್ಠ 4 ಜಿ.ಬಿ. ಸ್ಮೃತಿಯನ್ನೂ ಟಿ.ಪಿ.ಎಂ. 2.0 ಎಂಬ ಭದ್ರತಾಭಾಗವನ್ನೂ ಬೇಡುವುದು. ಎರಡೂ ಆ ಯಂತ್ರದಲ್ಲಿಲ್ಲ. ರವೀಂದ್ರನಾಥ ಠಾಗೂರ್ ನಗರದ ಅಂಗಡಿಯೊಂದಕ್ಕೆ ಒಯ್ದು ತೋರಿಸಿದಾಗ ಅಲ್ಲಿಯವನು, "ಗುಜರಿಗೆ ಹಾಕಿ ಸ್ವಾಮಿ, ರಿಪೇರಿ ಖರ್ಚೂ ದಂಡ" ಎಂದನು. ಕೀಲಿಗಳು ಸವೆದಿರಲಿಲ್ಲ; ತೆರೆ ಒಡೆದಿರಲಿಲ್ಲ. ಹೊಸ ಗಾಡಿಯ ಭಾರವನ್ನು ಎಳೆಯಲಾರದೆಂಬುದೊಂದೇ ಆ ಎತ್ತಿನ ಮೇಲಣ ದೋಷ.

ಗಾಡಿಯನ್ನೇ ಹಗುರಮಾಡಬಹುದೆಂಬ ಸಲಹೆಯನ್ನು ಕೊಟ್ಟವನು ಎದುರುಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ. ಆತನು ಹೇಳಿದ ಲಿನಕ್ಸಿನ ಕಥೆ ಸ್ವಾರಸ್ಯವಾದುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತನು, ಯಾರು ಬೇಕಾದರೂ ಓದಿ, ತಿದ್ದಿ, ನಕಲುಮಾಡಿ ಹಂಚಬಹುದಾದ ತಂತ್ರಾಂಶವನ್ನು ನಿರ್ಮಿಸುವೆನೆಂದು ಸಾರಿ ಗ್ನೂ ಎಂಬ ಕಾರ್ಯಕ್ಕೆ ಕೈಹಾಕಿದನು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾದ ತಿರುಳನ್ನು ಬರೆದು ಲೋಕಕ್ಕೆ ಕೊಟ್ಟನು. ಈ ತಿರುಳಿನ ಸುತ್ತ ಬೇಕಾದ ಸಾಧನಗಳನ್ನು ಕೂಡಿಸಿ ಸಿದ್ಧಪಡಿಸಿದ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಅಥವಾ ವಿತರಣೆಯೆಂದು ಹೆಸರು. ವಿತರಣೆಗಳಲ್ಲಿ ಭಾರವಾದವೂ ಉಂಟು, ಹಗುರವಾದವೂ ಉಂಟು. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್ ಇಡಿಯಾಗಿ ಸ್ಮೃತಿಯಲ್ಲಿಯೇ ಕುಳಿತು ಕೆಲಸಮಾಡಬಲ್ಲುದು. ಗ್ರೀಸಿನಲ್ಲಿ ಹುಟ್ಟಿದ ಆಂಟಿಎಕ್ಸ್ ಎಂಬುದು 512 ಎಂ.ಬಿ. ಸ್ಮೃತಿಯಿದ್ದರೂ ಸಾಕೆನ್ನುವುದು. ಲುಬುಂಟು, ಎಂಎಕ್ಸ್ ಮೊದಲಾದವು ಇದೇ ವರ್ಗಕ್ಕೆ ಹತ್ತಿರವಾದುವು. ಹೊಳೆಯುವ ಕಿಟಕಿ, ಕುಣಿಯುವ ಚಿತ್ರ, ಹಿನ್ನೆಲೆಯಲ್ಲಿ ಯಾರೂ ಕೇಳದೆ ನಡೆಯುವ ಕೆಲಸ—ಇವನ್ನು ಬಿಟ್ಟು, ಬರೆಯುವುದಕ್ಕೂ ಓದುವುದಕ್ಕೂ ಬೇಕಾದುದನ್ನು ಮಾತ್ರ ಇಟ್ಟುಕೊಂಡಿರುವುದೇ ಇವುಗಳ ರಹಸ್ಯ.

ವಿದ್ಯಾರ್ಥಿಯು ಮೊದಲು ಮಾಡಿದುದು ಪದಕೋಶದ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲುಮಾಡಿದುದು. ಆಮೇಲೆ ಹಗುರವಾದ ವಿತರಣೆಯೊಂದನ್ನು ಪೆನ್ ಡ್ರೈವಿಗೆ ಇಳಿಸಿ, "ತಾತ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ಇದರಿಂದಲೇ ನಾಲ್ಕು ದಿನ ನಡೆಸಿ ನೋಡಿ. ಒಗ್ಗಿದರೆ ಸ್ಥಾಪಿಸೋಣ, ಇಲ್ಲವಾದರೆ ಕಿತ್ತು ಬಿಸಾಡೋಣ" ಎಂದನು. ಮದುವೆಗೆ ಮುಂಚೆ ಮನೆತನ ನೋಡಿಬರುವಂತೆ, ಕಟ್ಟಿಕೊಳ್ಳುವ ಮೊದಲೇ ಪರೀಕ್ಷಿಸುವ ಈ ಅನುಕೂಲವು ಯಜಮಾನರಿಗೆ ಹಿಡಿಸಿತು. ನಾಲ್ಕು ದಿನ ಹತ್ತು ದಿನವಾಯಿತು. ಹನ್ನೊಂದನೆಯ ದಿನ ಸ್ಥಾಪನೆ ನಡೆಯಿತು. ಈಗ ಗುಂಡಿ ಒತ್ತಿದವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಯಂತ್ರವು ಸಿದ್ಧವಾಗಿರುವುದು.

ಕನ್ನಡದ ಗತಿಯೇನೆಂಬುದು ಅವರ ದೊಡ್ಡ ಚಿಂತೆಯಾಗಿದ್ದಿತು. ಕೆ. ಪಿ. ರಾಯರು ರೂಪಿಸಿದ, ಕಗಪ ಎಂದು ಪ್ರಸಿದ್ಧವಾದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ಉಂಟು. ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಬೆಲೆಯಿಲ್ಲದೆ ದೊರಕಿದುವು. ತೊಡಕಾದುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರುವ ಮೊದಲಿನ ಪದ್ಧತಿಯಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ "ಹಗೇವು" ಎಂಬುದು ಅರ್ಥವಿಲ್ಲದ ಪರಭಾಷೆಯ ಗೀಚಾಗಿ ತೋರುವುದು. ಪರಿವರ್ತಕ ತಂತ್ರಾಂಶದಿಂದ ಅವುಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳಲ್ಲಿ ಬಿದ್ದ ತಪ್ಪುಗಳನ್ನು ಒಂದೊಂದಾಗಿ ತಿದ್ದುವುದರಲ್ಲಿ ಯಜಮಾನರು ಎರಡು ತಿಂಗಳು ಕಳೆದರು. ಆ ಕೆಲಸವು ಎಂದಾದರೂ ಆಗಬೇಕಾದುದೇ. ಇನ್ನು ಆ ಮಾತುಗಳು ಒಂದು ಯಂತ್ರದ, ಒಂದು ಕಂಪನಿಯ, ಒಂದು ಅಕ್ಷರಶೈಲಿಯ ಹಂಗಿನಲ್ಲಿಲ್ಲ.

ಹಗುರವಾದ ಲಿನಕ್ಸನ್ನು ಜನಸಾಮಾನ್ಯರ ಕೈಗೆ ಕೊಡಬೇಕೆಂಬ ಯೋಚನೆಯು ಬೆಂಗಳೂರಿನ ಈ ಬಡಗಣ ಭಾಗಕ್ಕೆ ಹೊಸತಲ್ಲ. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್ಕೋರ್ ಸಂಸ್ಥೆಯ ಇಂಜಿನಿಯರುಗಳೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಪ್ರಕಟವಾಯಿತು. ಅದನ್ನು ನಡೆಸುತ್ತಿದ್ದುದು ಲಿನಕ್ಸ್. ಅಕ್ಷರ ಬಾರದವರಿಗಾಗಿ ಬರಹವನ್ನು ದೇಶಭಾಷೆಯಲ್ಲಿ ಓದಿ ಹೇಳುವ ಏರ್ಪಾಡೂ, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮತಮ್ಮ ಚೀಟಿ ಸಿಕ್ಕಿಸಿ ಬಳಸುವ ಉಪಾಯವೂ ಅದರಲ್ಲಿದ್ದುವು. ಸುಮಾರು 9,000 ರೂಪಾಯಿಗೆ ದೊರೆಯಬೇಕೆಂಬುದು ಉದ್ದೇಶ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ನಿರೀಕ್ಷಿಸಿದಷ್ಟು ಕೊಳ್ಳುವವರು ದೊರೆಯಲಿಲ್ಲ. ಮೊಬೈಲು ಫೋನುಗಳ ಕಾಲ ಬಂದು ಸಿಂಪ್ಯೂಟರ್ ಹಿಂದೆ ಸರಿಯಿತು. ಯಂತ್ರ ಹೋಯಿತು, ಆದರೆ ಅಲ್ಪಸಾಮಗ್ರಿಯಿಂದ ಹೆಚ್ಚು ಜನಕ್ಕೆ ಉಪಯೋಗವಾಗಬೇಕೆಂಬ ಅದರ ಹಿಂದಣ ವಿವೇಕವು ತಪ್ಪೆಂದು ಯಾರೂ ತೋರಿಸಿಲ್ಲ.

ಲಿನಕ್ಸಿನಲ್ಲಿ ಕಷ್ಟವೇ ಇಲ್ಲವೆನ್ನುವುದು ಅತಿಶಯೋಕ್ತಿ. ಯಲಹಂಕದ ಮನೆಯಲ್ಲಿ ಹಳೆಯ ಪ್ರಿಂಟರು ಮೂರು ದಿನ ಮುಷ್ಕರ ಹೂಡಿತು. ಕೆಲವು ಕಚೇರಿಗಳ ಅರ್ಜಿಗಳು, ಬೆರಳಚ್ಚಿನ ಸಾಧನಗಳು ವಿಂಡೋಸನ್ನೇ ನಂಬಿ ಕುಳಿತಿವೆ. ಅಂಥ ಕೆಲಸಕ್ಕೆ ಯಜಮಾನರು ಈಗಲೂ ಬೇರೆಯವರ ಬಾಗಿಲಿಗೆ ಹೋಗುವರು. ಆಪರೇಟಿಂಗ್ ಸಿಸ್ಟಂ ಎಷ್ಟು ಹಗುರವಾದರೂ ಇಂಟರ್ನೆಟ್ಟಿನ ಪುಟಗಳ ತೂಕವು ಇಳಿಯದು. ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೆ 2 ಜಿ.ಬಿ. ಸ್ಮೃತಿಯು ಏದುಸಿರು ಬಿಡುವುದು. ತೀರ ಹಳೆಯವಾದ 32 ಬಿಟ್ ಯಂತ್ರಗಳಿಗೆ ಈ ಆಶ್ರಯವೂ ಕಿರಿದಾಗುತ್ತಿದೆ. ಅನೇಕ ವಿತರಣೆಗಳಿಗೆ ಬುನಾದಿಯಾದ ಡೆಬಿಯನ್ 2025ರ ಆಗಸ್ಟಿನಲ್ಲಿ ಹೊರಬಂದ ತನ್ನ 13ನೆಯ ಆವೃತ್ತಿಯಿಂದ ಅವುಗಳಿಗೆ ಪೂರ್ಣ ಬೆಂಬಲ ಕೊಡುವುದನ್ನು ಬಿಟ್ಟಿತು. ಲಾಘವವು ಆಯುಸ್ಸನ್ನು ಹೆಚ್ಚಿಸಬಲ್ಲುದು, ಅಮೃತತ್ವವನ್ನು ಕೊಡಲಾರದು.

ಆದರೂ ಆಯುಸ್ಸಿನ ಹೆಚ್ಚಳವೇ ಇಲ್ಲಿ ದೊಡ್ಡ ಲಾಭ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಿಂದ ವಿದ್ಯುನ್ಮಾನ ಕಸವನ್ನು ಕ್ರಮವಾಗಿ ಬಿಡಿಸುವ ಇ-ಪರಿಸರ ಎಂಬ ಕಾರ್ಖಾನೆಯುಂಟು. ದೇಶದಲ್ಲಿ ಸರಕಾರದ ಅನುಮತಿ ಪಡೆದ ಇಂಥವುಗಳಲ್ಲಿ ಅದು ಮೊದಲನೆಯದು. ಎಲ್ಲ ಯಂತ್ರಗಳಿಗೂ ಅಂಥ ಸದ್ಗತಿ ದೊರೆಯುವುದಿಲ್ಲ. ಸೀಸ, ಬ್ಯಾಟರಿಯ ಲವಣಗಳು, ಪ್ಲಾಸ್ಟಿಕ್ಕಿನಲ್ಲಿ ಬೆರೆತ ವಿಷಗಳು ಗುಜರಿಯ ಬೆಂಕಿಯಲ್ಲಿ ಬೆಂದು ಗಾಳಿಗೂ ನೀರಿಗೂ ಸೇರುವುವು. ಇನ್ನೈದು ವರ್ಷ ದುಡಿಯಬಲ್ಲ ಯಂತ್ರವನ್ನು ಎಸೆಯುವುದು, ಹಾಲು ಕೊಡುವ ಹಸುವನ್ನು ಕೋಡು ಚಂದವಿಲ್ಲವೆಂದು ಹಟ್ಟಿಯಿಂದ ಅಟ್ಟಿದಂತೆ.

ಹಣದ ಉಳಿತಾಯಕ್ಕಿಂತಲೂ ಹಿರಿದಾದುದು ಇನ್ನೊಂದು. ನೇಗಿಲು ಮುರಿದರೆ ರೈತನು ಊರ ಬಡಗಿಯಿಂದ ಸರಿಪಡಿಸಿಕೊಳ್ಳುತ್ತಿದ್ದನು. ಈ ವರ್ಷದಿಂದ ಉಳುವಂತಿಲ್ಲವೆಂದು ದೂರದೇಶದ ಯಾವ ವರ್ತಕನೂ ಅವನಿಗೆ ಅಪ್ಪಣೆ ಮಾಡುತ್ತಿರಲಿಲ್ಲ. ಉಪಕರಣವು ಯಾರ ಕೈಯಲ್ಲಿದೆಯೋ ಅವರದೇ ಆಗಿದ್ದಿತು. ಲಿನಕ್ಸನ್ನು ಬರೆದವರು ಆ ಹಳೆಯ ಹಕ್ಕನ್ನು ಹೊಸ ಸಾಧನಕ್ಕೆ ತಂದುಕೊಟ್ಟಿರುವರು. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆಯೆಂದು ನಂಬಿದ ನಾಡಿಗೆ ಅವರ ಮಾರ್ಗವು ಅಪರಿಚಿತವಾಗಿ ತೋರಬೇಕಾದುದಿಲ್ಲ. ಮೇಟಿ, ಹಗೇವು, ಅಕ್ಕಡಿಸಾಲುಗಳು ಹೊಲದಿಂದ ಹೊರಟುಹೋದುದನ್ನು ತಡೆಯುವ ಶಕ್ತಿ ಯಾವ ಯಂತ್ರಕ್ಕೂ ಇರಲಿಲ್ಲ. ಅವುಗಳ ಹೆಸರಾದರೂ ನಾಳಿನ ಮಕ್ಕಳಿಗೆ ದೊರೆಯಬೇಕಾದರೆ, ಆ ಹೆಸರುಗಳನ್ನು ಕಾಯುವ ಪೆಟ್ಟಿಗೆಯ ಬೀಗದ ಕೈ ಕಾಯುವವನ ಬಳಿಯಲ್ಲಿಯೇ ಇರತಕ್ಕದ್ದು.