ಬೆಳಕವಾಡಿಯ ಹಿತ್ತಿಲ ಒಂದೆಲಗ

ಶಿವನಸಮುದ್ರದ ಜಲಪಾತಗಳನ್ನು ನೋಡಿ ಹಿಂದಿರುಗುವಾಗ ನಾವು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ, ಬಂಧುಗಳ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆವು. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಿದ ಆ ನೀರಿನ ಭೋರ್ಗರೆತಕ್ಕಿಂತಲೂ, ಮರುದಿನ ಬೆಳಗ್ಗೆ ಹಿತ್ತಿಲಲ್ಲಿ ಕಂಡ ಹಸುರೇ ನಮ್ಮ ಮನಸ್ಸಿನಲ್ಲಿ ನಿಂತಿದೆ.

ಬಾವಿಕಟ್ಟೆಯ ಸುತ್ತ, ಸದಾ ತೇವವಾಗಿದ್ದು ಕೆಸರಾಗುವ ನೆಲದಲ್ಲಿ, ಒಂದೆಲಗವು ಚಾಪೆ ಹಾಸಿದಂತೆ ಹಬ್ಬಿದ್ದಿತು. ಕರಾವಳಿಯವರು ಇದನ್ನೇ ತಿಮರೆ ಎನ್ನುವರು.

“ಆಗೆಲ್ಲ ಗದ್ದೆ ಬದೀಲಿ ಬೇಕಾದಷ್ಟು ಸಿಕ್ತಿತ್ತು ಕಣಮ್ಮ, ಈಗ ಅಲ್ಲಿ ಕಳೆಗೆ ಔಷಧಿ ಹೊಡೀತಾರೆ. ಅದನ್ನ ಮಕ್ಕಳ ಬಾಯಿಗೆ ಹೆಂಗೆ ಕೊಡೋದು? ಅದಕ್ಕೇ ಇಲ್ಲಿ ತಂದು ಊರಿದೆ” ಎಂದರು ಮನೆಯ ಅಜ್ಜಿಯವರು.

ಬೆಳೆಸುವ ಕ್ರಮವು ಸುಲಭವಾದುದು. ಗಿಣ್ಣಿನಲ್ಲಿ ಬೇರೊಡೆದ ಬಳ್ಳಿಯ ತುಂಡುಗಳನ್ನು ಗೇಣಿಗೊಂದರಂತೆ ಅರೆನೆರಳಿನಲ್ಲಿ ನೆಟ್ಟು, ಮಣ್ಣಿನ ಪಸೆಯಾರದಂತೆ ನೋಡಿಕೊಂಡರೆ, ಬಳ್ಳಿಯು ಹರಿದು ಗಿಣ್ಣುಗಿಣ್ಣಿಗೂ ಬೇರೂರಿ ನೆಲವನ್ನು ಮುಚ್ಚುವುದು. ನೀರಿದ್ದಲ್ಲಿ ವರ್ಷವಿಡೀ ಹಸುರಾಗಿರುವುದು. ಬೇರು ಕೀಳದೆ ಎಲೆಗಳನ್ನಷ್ಟೇ ಚಿವುಟಿಕೊಂಡರೆ ತಂಬುಳಿಗೂ ಚಟ್ನಿಗೂ ಮತ್ತೆ ಮತ್ತೆ ಒದಗುವುದು. ಆದರೆ ವಾಚಕರು ಒಂದನ್ನು ಮರೆಯಬಾರದು: ಇದನ್ನು ಹಸಿಯಾಗಿಯೇ ಅರೆಯುವುದರಿಂದ, ಬಚ್ಚಲ ನೀರು ಹರಿಯುವೆಡೆಯಲ್ಲಿ ಬೆಳೆದುದು ನೋಟಕ್ಕೆ ಮಾತ್ರ, ಊಟಕ್ಕೆ ಸಲ್ಲದು.

ನಾವು ಹೊರಡುವಾಗ ಅಜ್ಜಿಯವರು ಒದ್ದೆ ಮಣ್ಣಿನೊಡನೆ ಒಂದು ಹಿಡಿ ಬಳ್ಳಿಯನ್ನು ಬಾಳೆಯೆಲೆಯಲ್ಲಿ ಸುತ್ತಿಕೊಟ್ಟರು. ಈಗ ಅದು ನಮ್ಮ ನಲ್ಲಿಯ ಬಳಿ ನಾಲ್ಕು ಗೇಣು ಹಬ್ಬಿದೆ. ಕೇಳಿದ ನೆರೆಯವರಿಗೆ ನಾವೂ ಹಾಗೆಯೇ ಸುತ್ತಿಕೊಡುತ್ತಿದ್ದೇವೆ. ಬದುವಿನಲ್ಲಿ ಅಳಿದುದು ಹಿತ್ತಿಲುಗಳಲ್ಲಾದರೂ ಉಳಿಯಲಿ.